ಜಗಲಿಯಲ್ಲಿ ಕಾದ ಚೌಕಟ್ಟು

ಭಟ್ಕಳ
೧೪ ಫೆಬ್ರವರಿ ೧೯೬೧

ಮಾದೇವಿ,

ಕೂತು ಓದು. ನಿಂತು ಓದಿದರೆ ಬಿದ್ದುಬಿಡುತ್ತೀಯ, ಅಂಥ ಸುದ್ದಿ! ನಾನು ಇಲ್ಲಿಯ ಕೆಲಸ ಬಿಡುತ್ತಿದ್ದೇನೆ. ರಮ್ಜಾನ್ ಹಬ್ಬದ ಹೊಲಿಗೆ ಮುಗಿಯಿತೆಂದರೆ ಈ ಅಂಗಡಿಗೆ ಕೈಮುಗಿದು ಊರಿಗೆ ಬರುವುದೇ. ನಮ್ಮ ಹಳದೀಪುರದ ಮನೆಯ ಹೊರಕೋಣೆಯಲ್ಲಿ ನನ್ನದೇ ಟೇಲರ್ ಅಂಗಡಿ. ನಮ್ಮ ಮಾಸ್ತರ್ ಸಾಹೇಬರು ತಮ್ಮ ಹಳೆಯ ಮಷಿನನ್ನು ನನಗೇ ಬಿಟ್ಟುಕೊಟ್ಟು, "ಎಷ್ಟು ವರ್ಷ ಇನ್ನೊಬ್ಬನ ಅಂಗಡಿಯಲ್ಲಿ ಕೂತ್ಕೊಳ್ತಿ ಬಾಬಾ, ಹೋಗು" ಎಂದರು. ನನಗೆ ಆಗಲೇ ಅಳು ಬಂತು, ನಗುವೂ ಬಂತು.

ತೊಡಕು ಒಂದೇ, ಬೆಳಕು. ಆ ಕೋಣೆಗಿರುವುದು ರಸ್ತೆ ಕಡೆಯ ಆ ಒಂದು ಕಿಟಕಿ. ಅದರ ಮರದ ಕದವನ್ನು ಒರಲೆ ಅರ್ಧ ತಿಂದಿದೆ. ಹಾಕಿದರೆ ಕತ್ತಲು, ತೆಗೆದರೆ ಬಸ್ಸಿನ ಧೂಳು. ಹೊನ್ನಾವರದ ಬಡಗಿ ದುರ್ಗ ಮೊನ್ನೆ ಇಲ್ಲಿ ಸಿಕ್ಕಿದ್ದ. ಎರಡು ದಾರಿ ಹೇಳಿದ. ಒಂದು, ಗೋಡೆಯಲ್ಲಿರುವ ಹಳೆಯ ಚೌಕಟ್ಟನ್ನು ಹಾಗೇ ಬಿಟ್ಟು ಅದರೊಳಗೆ ತೆಳುವಾದ ಇನ್ನೊಂದು ಚೌಕಟ್ಟು ಕೂರಿಸಿ ಗಾಜಿನ ಕದ ಹಾಕುವುದು. ಬೇಗ ಮುಗಿಯುವ ಕೆಲಸ, ಆದರೆ ಸುತ್ತಲೂ ನಾಲ್ಕು ಬೆರಳಿನಷ್ಟು ಬೆಳಕು ಹೋಯಿತು. ಇನ್ನೊಂದು, ಗೋಡೆ ಒಡೆದು ಹಳೆಯದನ್ನು ಪೂರಾ ಕಿತ್ತು ದೊಡ್ಡ ಸಾಗವಾನಿ ಚೌಕಟ್ಟನ್ನೇ ಇಡುವುದು.

ನಾನು ಒಡೆಯುವುದಕ್ಕೇ ಮನಸ್ಸು ಮಾಡಿದ್ದೇನೆ. ಬಿಗಿಯಾದ ಕೋಟಿನ ಒಳಗೆ ಇನ್ನೊಂದು ಕೋಟು ತೊಟ್ಟವನನ್ನು ನೋಡಿದ್ದೀಯಾ? ಉಸಿರು ಬಿಡಲಾರ. ಹಾಗಾಗುತ್ತದೆ ನಮ್ಮ ಕಿಟಕಿ.

ಇನ್ನೊಂದು ಮಾತು. ಹೋದ ವರ್ಷ ಅಡುಗೆಮನೆಗೆ ಹಿತ್ತಿಲ ಬಾಗಿಲು ಕೊರೆಸುವಾಗ ನಮ್ಮ ಕೂಸು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬಸುರಿ ಇರುವ ಮನೆಯ ಗೋಡೆಗೆ ಹಾರೆ ಹಾಕಿದ್ದಕ್ಕೇ ಹೀಗಾಯಿತೆಂದು ಪಕ್ಕದ ಮನೆಯ ಹನುಮಕ್ಕತ್ತೆ ಬೇಲಿಯಾಚೆ ಈಗಲೂ ಗೊಣಗುತ್ತಿರಬಹುದು. ಗೋಡೆಗೂ ಕೂಸಿಗೂ ಸಂಬಂಧವೇ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೀನೇ ಕೇಳಿದ್ದೀಯ. ಅದನ್ನೇ ನೆನೆದು ಮೂಲೆಯಲ್ಲಿ ಕೂರಬೇಡ. ಹಬ್ಬದ ಬಟ್ಟೆ ರಾಶಿ ಬಿದ್ದಿದೆ, ಅಲ್ಲಿಯವರೆಗೆ ನನಗೆ ಬರಲಾಗದು. ಕಿಟಕಿಯ ಅಳತೆ ತೆಗೆದು ಕಳಿಸು. ಎದೆ, ಸೊಂಟ, ಉದ್ದ, ಎಲ್ಲ!

ನಿನ್ನ
ವೆಂಕಟ್ರಮಣ


ಹಳದೀಪುರ
೧೮ ಫೆಬ್ರವರಿ ೧೯೬೧

ನಮ್ಮ ಮನೆಯವರಿಗೆ,

ನಿಮ್ಮ ಕಾಗದವನ್ನು ನಿಂತೇ ಓದಿದೆ, ಬೀಳಲಿಲ್ಲ. ಆದರೆ ಖುಷಿಯಲ್ಲಿ ಒಲೆಯ ಮೇಲಿನ ಗಂಜಿ ಉಕ್ಕಿ ಬೆಂಕಿ ಆರಿತು. ನೀವು ಊರಿಗೇ ಬರುತ್ತೀರಿ ಎಂಬುದನ್ನು ಮತ್ತೆ ಮತ್ತೆ ಓದಿದೆ. ಹನುಮಕ್ಕತ್ತೆಗೆ ಹೇಳಿದರೆ, "ಹೌದನೆ? ಹಾಗಾರೆ ನನ್ನ ರವಿಕೆ ಮೊದ್ಲು" ಎಂದರು.

ಅಳತೆಯನ್ನು ಕಾರ್ಡಿನ ಅಂಚಿನಲ್ಲಿ ಬರೆದಿದ್ದೇನೆ. ಸೊಂಟ ಇಲ್ಲದ ಕಿಟಕಿಗೆ ಸೊಂಟ ಹುಡುಕುವುದು ನಿಮಗೇ ಸರಿ.

ಆದರೆ ಗೋಡೆ ಒಡೆಯುವುದು ಬೇಡ. ಒಳಗೆ ಕೂರಿಸುವ ಚೌಕಟ್ಟೇ ಸಾಕು. ನಾಲ್ಕು ಬೆರಳು ಬೆಳಕು ಹೋದರೆ ಹೋಗಲಿ.

ನನ್ನ ಹತ್ತಿರವೂ ಒಂದು ಸುದ್ದಿ ಇದೆ. ಸಂಕ್ರಾಂತಿಗೆ ನೀವು ಬಂದಾಗ ನನಗೇ ಖಾತ್ರಿ ಇರಲಿಲ್ಲ. ಹೋದ ವರ್ಷ ಅವಸರ ಮಾಡಿ ಎಲ್ಲರ ಬಾಯಿ ಸಿಹಿ ಮಾಡಿದ್ದು ಸಾಕು, ಈ ಸಲ ನೀವು ಬಂದ ಮೇಲೇ ಹೇಳುತ್ತೇನೆ. ಅದೂ ಅಲ್ಲದೆ ಇದು ಕಾರ್ಡು. ಪೋಸ್ಟಿನ ಹಮ್ಮ ನನ್ನ ಕಾರ್ಡನ್ನು ನಿಮಗಿಂತ ಮೊದಲು ಓದುತ್ತಾನೆ. ಓದಿಕೋ ಹಮ್ಮಣ್ಣ, ಗೋಡೆ ಒಡೆಯುವುದು ಬೇಡ ಎಂದಷ್ಟೇ ಬರೆದಿದ್ದೇನೆ.

ಮಾದೇವಿ


ಭಟ್ಕಳ
೨೧ ಫೆಬ್ರವರಿ ೧೯೬೧

ಮಾದೇವಿ,

ಸುದ್ದಿ ಎಂತದು? ಎಮ್ಮೆ ಕರು ಹಾಕಿತಾ? ಹೋದ ವರ್ಷ ಅದು ಗಬ್ಬ ಕಟ್ಟಿತೆಂದು ನೀನೇ ಊರಿಗೆಲ್ಲ ಬೆಲ್ಲ ಹಂಚಿದ್ದೆ, ಆಮೇಲೆ ಏನೂ ಇಲ್ಲ! ಅಥವಾ ಅಘನಾಶಿನಿಯ ನಿನ್ನ ತಮ್ಮ ಹೊನ್ನನಿಗೆ ಹೆಣ್ಣು ಗೊತ್ತಾಯಿತಾ? ಆ ಹೊಳೆಗಿಳಿದು ಬೆಳಚಿನ ಚಿಪ್ಪು ಹೆಕ್ಕುವವನಿಗೆ ಯಾರು ಕೊಟ್ಟರು ಮಾರಾಯ್ತಿ!

ಒಳಗೆ ಕೂರಿಸುವುದೇ ಸಾಕು ಎಂದು ಬರೆದಿದ್ದೀಯಲ್ಲ, ಎಂತಕ್ಕೆ? ಕಾರಣ ಒಂದೂ ಇಲ್ಲ. ನನಗೆ ಗೊತ್ತು. ಅಂಗಡಿ ನಡೆಯುವುದಿಲ್ಲ, ಮಳೆಗಾಲ ಕಳೆಯುವಷ್ಟರಲ್ಲಿ ಇವನು ಪುನಃ ಭಟ್ಕಳಕ್ಕೆ ಓಡುತ್ತಾನೆ, ಆಮೇಲೆ ಒಡೆದ ಗೋಡೆ ನೋಡಿಕೊಂಡು ಕೂರುವುದು ನಾನು ಎಂಬ ಲೆಕ್ಕಾಚಾರ ನಿನ್ನದು. ಹೌದೋ ಅಲ್ಲವೋ? ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಮತ್ತೆ ಅಂಗಡಿ ನೆನಪಾಯಿತು, ಬೇಜಾರು ಹೋಯಿತು.

ಇಲ್ಲಿ ಒಬ್ಬರ ಮನೆಗೆ ಶೇರವಾನಿ ಅಳತೆಗೆ ಹೋಗಿದ್ದೆ. ಅವರ ಹೊಸ ಕಿಟಕಿ ನೋಡಬೇಕು ನೀನು! ಸೂಜಿ ಕೆಳಗೆ ಬಿದ್ದರೆ ಬಗ್ಗಿ ಹುಡುಕಬೇಕಾಗಿಲ್ಲ, ನಿಂತಲ್ಲೇ ಕಾಣುತ್ತದೆ. ಅಂಥ ಬೆಳಕಿನಲ್ಲಿ ಕೂತು ಹೊಲಿದರೆ ನನ್ನ ಕಣ್ಣು ಇನ್ನೂ ಮೂವತ್ತು ವರ್ಷ ಬಾಳುತ್ತದೆ. ಒಡೆಯುವುದೇ, ಆತು.

ವೆಂಕಟ್ರಮಣ


ಹಳದೀಪುರ
೨೬ ಫೆಬ್ರವರಿ ೧೯೬೧

ನಮ್ಮ ಮನೆಯವರಿಗೆ,

ಎಮ್ಮೆ ಕರು ಹಾಕಲಿಲ್ಲ. ಹೊನ್ನನಿಗೆ ಹೆಣ್ಣೂ ಸಿಗಲಿಲ್ಲ. ನಿಮ್ಮ ಅಂಗಡಿ ನಡೆಯುವುದಿಲ್ಲ ಎಂದು ನಾನು ಯಾವಾಗ ಹೇಳಿದೆ? ಊರಿನ ಗಂಡಸರ ಅಂಗಿಯೆಲ್ಲ ನೀವೇ ಹೊಲಿಯುವುದೆಂದು ನಾನು ಬಾವಿಕಟ್ಟೆಯಲ್ಲಿ ಆಗಲೇ ಹೇಳಿ ಬಂದಿದ್ದೇನೆ.

ಕಾರಣ ಕೇಳಿದಿರಿ. ಕಿಟಕಿಯ ಮೇಲಿನ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟಿದೆ. ಗೋಡೆ ಒಡೆದರೆ ಕೆಂಪುಕಲ್ಲಿನ ಧೂಳು ಹನುಮಕ್ಕತ್ತೆಯ ಹಪ್ಪಳದ ಮೇಲೆ ಕೂರುತ್ತದೆ. ಅವರ ಬಾಯಿ ನಿಮಗೆ ಗೊತ್ತಲ್ಲ. ಸುಣ್ಣವೂ ಇಲ್ಲ. ಅಘನಾಶಿನಿಯಿಂದ ಚಿಪ್ಪಿಸುಣ್ಣ ತರಿಸುತ್ತೇನೆಂದು ಹೊನ್ನ ಹೇಳಿದ್ದಾನೆ, ಅವನ ಮಾತು ಇವತ್ತು ನಾಳೆಗೆ ಆಗುವುದಲ್ಲ.

ಇಷ್ಟು ಸಾಲದೇ? ಸಾಲದಿದ್ದರೆ ನಾನು ಹೇಳಿದೆ ಎಂದೇ ಬಿಡಿ. ನಿಮ್ಮ ಹತ್ತಿರ ಇಷ್ಟು ವರ್ಷದಲ್ಲಿ ನಾನು ಹಟ ಮಾಡಿ ಕೇಳಿದ್ದು ಏನಿದೆ? ಇದೊಂದು ಕೇಳುತ್ತಿದ್ದೇನೆ. ಒಳಗಿನ ಚೌಕಟ್ಟು ಸಾಕು.

ಊಟ ಸರಿಯಾಗಿ ಮಾಡಿ. ನನ್ನ ಊಟದ ಚಿಂತೆ ನಿಮಗೆ ಬೇಡ, ಇತ್ತೀಚೆಗೆ ಯಾರೋ ಹೇಳಿಕೊಟ್ಟಂತೆ ಉಣ್ಣುತ್ತಿದ್ದೇನೆ.

ಮಾದೇವಿ


ಭಟ್ಕಳ
೨ ಮಾರ್ಚ್ ೧೯೬೧

ಮಾದೇವಿ, ಏ ಮಾದೇವಿ!

ಗುಬ್ಬಿಯಂತೆ, ಹಪ್ಪಳವಂತೆ! ಓದಿ ನಾನು ನಕ್ಕದ್ದಕ್ಕೆ ಮಾಸ್ತರ್ ಸಾಹೇಬರು ಕನ್ನಡಕ ಎತ್ತಿ ನೋಡಿದರು. ಈಗ ತಿಳಿಯಿತು ನೋಡು. ನನಗೆ ಖರ್ಚು, ತೊಂದರೆ ಆಗಬಾರದೆಂದು ನೀನು ಇಷ್ಟೆಲ್ಲ ಕಟ್ಟಿ ಬರೆಯುತ್ತಿದ್ದೀಯ. ಬೇಕು ಬೇಕು ಎಂದು ಮನಸ್ಸಿನಲ್ಲಿ, ಬೇಡ ಬೇಡ ಎಂದು ಕಾಗದದಲ್ಲಿ. ಮದುವೆಯಲ್ಲಿ ಹೋಳಿಗೆ ಬಡಿಸುವಾಗ ನೀನು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೀಯಲ್ಲ, ಅದೇ ಬುದ್ಧಿ.

ಅದಕ್ಕೇ ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಚೌಕಟ್ಟು ತಯಾರಾಗಿದೆ! ಸಾಗವಾನಿ, ಒಂದು ಗಂಟೂ ಇಲ್ಲದ ಮರ. ದುರ್ಗ ಗಾಡಿಯ ಮೇಲೆ ಹಾಕಿಕೊಂಡು ಸೋಮವಾರ ಬೆಳಿಗ್ಗೆ ಮನೆಗೆ ಬರುತ್ತಾನೆ. ಜೊತೆಗೆ ಕಲ್ಲು ಒಡೆಯುವ ಈರನೂ ಬರುತ್ತಾನೆ. ಸಂಜೆಯೊಳಗೆ ಹಳೆಯದು ಹೊರಗೆ, ಹೊಸದು ಒಳಗೆ. ಗುಬ್ಬಿಗೂಡನ್ನು ಬುಟ್ಟಿಯಲ್ಲಿಟ್ಟು ಮಾವಿನ ಮರಕ್ಕೆ ಕಟ್ಟಲು ಹೇಳಿದ್ದೇನೆ. ನೀನು ಮಾಡಬೇಕಾದ್ದು ಚಹಾ ಮಾತ್ರ.

ಈಗ ಕೈ ಅಡ್ಡ ಹಿಡಿ ನೋಡುವ!

ವೆಂಕಟ್ರಮಣ


ಹಳದೀಪುರ
೭ ಮಾರ್ಚ್ ೧೯೬೧

ನಮ್ಮ ಮನೆಯವರಿಗೆ,

ಕೈ ಅಡ್ಡ ಹಿಡಿದೆ. ಕೈಯಲ್ಲ, ಮೈಯನ್ನೇ ಅಡ್ಡ ಹಿಡಿದೆ.

ಇದು ಅಂಟಿಸಿದ ಕಾಗದ, ಹಮ್ಮ ಓದಲಾರ. ನಿಧಾನವಾಗಿ ಓದಿ.

ನಿನ್ನೆ ಬೆಳಿಗ್ಗೆ ಗಾಡಿ ಬಂತು. ಚೌಕಟ್ಟು ಚೆಂದ ಇದೆ, ಅದನ್ನು ಇಲ್ಲ ಎನ್ನುವುದಿಲ್ಲ. ಜಗಲಿಯ ಮೇಲಿಟ್ಟರು. ನಾನು ಚಹಾ ಕೊಟ್ಟೆ. ಇವತ್ತು ಬೇಡ, ಹೋಗಿ ಎಂದು ಹೇಳಿದರೆ ದುರ್ಗಣ್ಣ ಕೇಳಲಿಲ್ಲ. "ವೆಂಕಟ್ರಮಣ ಹೇಳ್ಯಾನೆ, ನೀ ಹಿಂಗೇ ಹೇಳ್ತೆ ಅಂತ" ಎಂದು ನಕ್ಕರು. ಈರ ಹಾರೆ ಎತ್ತಿದ. ನನಗೆ ಅದೇನಾಯಿತೋ, ಓಡಿಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ.

"ಎಂತದೇ ತಂಗಿ, ಬದಿಗೆ ಬಾ. ಕಲ್ಲು ಬೀಳ್ತದೆ" ಎಂದರು ದುರ್ಗಣ್ಣ.

"ನಾ ಬರೂದಿಲ್ಲ."

"ಎಂತಕ್ಕೆ?"

ಏನೆಂದು ಹೇಳಲಿ ಪರ ಗಂಡಸಿನ ಹತ್ತಿರ? ಎರಡೂ ಕೈ ಹೊಟ್ಟೆಯ ಮೇಲಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ದುರ್ಗಣ್ಣ ಒಮ್ಮೆ ನನ್ನ ಕೈ ನೋಡಿದರು, ಒಮ್ಮೆ ಗೋಡೆ ನೋಡಿದರು. ಮುಖದ ಬಣ್ಣವೇ ಹೋಯಿತು. "ಈರಾ! ಹಾರೆ ಇಳಿಸು. ಹೊರಗೆ ತಕಂಡು ಹೋಗು, ಅಂಗಳದಿಂದ್ಲೂ ಆಚಿಗೆ!" ಆಮೇಲೆ ನನಗೆ, "ಆತು ತಂಗಿ, ಆತು. ಹೆದ್ರಬೇಡ. ನಾ ಗೋಡೆ ಮುಟ್ಟೂದಿಲ್ಲ" ಎಂದು ಹೇಳಿ, ಗೋಡೆಗೇ ಕೈಮುಗಿದು ಹೋದರು.

ಹೌದು, ನನಗೆ ಮೂರು ತಿಂಗಳು. ಬಡಗಿಗೆ ಗೊತ್ತಾಯಿತು, ಕಲ್ಲು ಒಡೆಯುವವನಿಗೆ ಗೊತ್ತಾಯಿತು, ನಿಮಗೆ ಎಮ್ಮೆ ಕರು ಹಾಕಿದ್ದು!

ಗೋಡೆಗೂ ಕೂಸಿಗೂ ಸಂಬಂಧ ಇಲ್ಲವೆಂದು ಡಾಕ್ಟರು ಹೇಳಿದ್ದು ನಿಜವೇ ಇರಬಹುದು. ನನಗೆ ಜಗಳ ಇಲ್ಲ. ಆದರೆ ಹೋದ ವರ್ಷ ಆ ಏಟು ಬೀಳುವಾಗ ನಾನು ಒಳಗೆ ಮಲಗಿದ್ದೆ, ನೀವಲ್ಲ. ಒಂದೊಂದು ಏಟೂ ನನಗೆ ನೆನಪಿದೆ. ಈ ಕೂಸು ನನಗೆ ಬೇಕು. ನಿಮ್ಮ ಅಂಗಡಿಗಿಂತ ಬೇಕು, ಬೆಳಕಿಗಿಂತ ಬೇಕು. ಸಿಟ್ಟು ಬಂದರೆ ಬರಲಿ.

ಸಿಟ್ಟು ಬರಲಿಲ್ಲ ಅಂದರೆ ಬೇಗ ಬರೆಯಿರಿ. ನನಗೆ ಕುಣಿಯುವಷ್ಟು ಖುಷಿಯಾಗಿದೆ, ಹೇಳಿಕೊಳ್ಳಲು ಯಾರೂ ಇಲ್ಲ.

ಮಾದೇವಿ


ಭಟ್ಕಳ
೯ ಮಾರ್ಚ್ ೧೯೬೧

ಮಾದೇವಿ, ನನ್ನ ಮಾದೇವಿ,

ಹಾರೆ ಒಂದು ಏಟೂ ಬೀಳಲಿಲ್ಲ ತಾನೇ? ಮೊದಲು ಅದನ್ನು ಬರೆ. ಕಲ್ಲಿಗೆ ತಾಗಿಸಿ ಒರಗಿಸಿ ಇಟ್ಟಿದ್ದರೂ ಹೇಳು. ಈರನ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಕೇಳಿದೆ. ನಾನು ನಂಬುವುದಿಲ್ಲ, ನಿನಗೇ ಗೊತ್ತು. ಆದರೂ ಬರೆ.

ಎಂಥ ದಡ್ಡ ನಾನು! ಕಾಗದ ಓದಿದವನು ಎದ್ದು ಹೊರಗೆ ಹೋದೆ, ಮತ್ತೆ ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಯಾರದೋ ಹಬ್ಬದ ಅಂಗಿಗೆ ಎರಡೂ ಎಡತೋಳು ಕತ್ತರಿಸಿ ಕೂತಿದ್ದೇನೆ. ಮಾಸ್ತರ್ ಸಾಹೇಬರು ಬೈಯಲು ಬಾಯಿ ತೆರೆದರು. ಸಂಗತಿ ಹೇಳಿದೆ. ತೆರೆದ ಬಾಯಲ್ಲೇ ನಕ್ಕರು. ಸಂಜೆ ಉಪವಾಸ ಬಿಡುವಾಗ ತಮ್ಮ ತಟ್ಟೆಯ ಖರ್ಜೂರವನ್ನು ಮೊದಲು ನನ್ನ ಕೈಗೆ ಇಟ್ಟರು. ನಾನು ಅಲ್ಲೇ ಅತ್ತುಬಿಟ್ಟೆ, ಎಲ್ಲರ ಎದುರಿಗೆ.

ಒಳಗೆ ಕೂರಿಸುವ ಚೌಕಟ್ಟೇ! ಮಾತು ಮುಗಿಯಿತು. ಅದಕ್ಕೂ ಮೊಳೆ ಹೊಡೆಯಬಾರದಂತೆ, ಇಲ್ಲಿಯ ಒಬ್ಬ ಅಜ್ಜಿ ಹೇಳಿದಳು. ಮೊಳೆ ಬೇಡ, ತಿರುಗಿಸುವ ಸ್ಕ್ರೂ ಹಾಕು ಎಂದು ದುರ್ಗನಿಗೆ ಬರೆದಿದ್ದೇನೆ. ಸುತ್ತಿಗೆ ಚೀಲದಿಂದ ಹೊರಗೇ ಬರಬಾರದು. ನಾನು ಬಂದ ಮೇಲೆ, ನನ್ನ ಕಣ್ಣೆದುರಿಗೆ. ಮತ್ತೆ ಒಂದು ಕೇಳುವುದಿತ್ತು. ಬಸುರಿಯ ಗಂಡ ಕತ್ತರಿ ಹಿಡಿಯಬಹುದೋ? ಹನುಮಕ್ಕತ್ತೆಯನ್ನು ಕೇಳಿ ತಿಳಿಸು. ಬೇಡವೆಂದರೆ ತಿನ್ನುವುದು ಎಂತ ಎಂದೂ ಅವರನ್ನೇ ಕೇಳು.

ಇನ್ನು ಒಂದೇ ವಾರ. ಹಬ್ಬದ ಚಂದ್ರ ಕಂಡ ಕೂಡಲೇ ಹೊರಡುತ್ತೇನೆ, ಹೊಳೆ ದಾಟಿಸುವ ಜಂಗಲ್ ದೋಣಿ ತಪ್ಪಿದರೆ ಈಜಿಕೊಂಡಾದರೂ ಬರುತ್ತೇನೆ.

ವೆಂಕಟ್ರಮಣ


ಅಘನಾಶಿನಿ
೧೬ ಜುಲೈ ೧೯೬೧

ನಮ್ಮ ಮನೆಯವರಿಗೆ,

ಬಯಕೆ ಊಟ ಮುಗಿಸಿ ತವರಿಗೆ ಬಂದು ಹದಿನೈದು ದಿನವೂ ಆಗಲಿಲ್ಲ, ನಮ್ಮ ಮನೆಯ ನೆನಪಾಗುತ್ತಿದೆ. ಅಬ್ಬೆ ನನ್ನನ್ನು ಬಗ್ಗಲು ಬಿಡುವುದಿಲ್ಲ. ಹೊನ್ನ ದಿನವೂ ಬುಟ್ಟಿ ತುಂಬ ಬೆಳಚು ತಂದು ಸುರಿಯುತ್ತಾನೆ, ತಿಂದೂ ತಿಂದೂ ಸಾಕಾಯಿತು. ಕೂಸು ಒಳಗೆ ಒದೆಯುವುದನ್ನು ಕಂಡರೆ ಇದು ನಿಮ್ಮ ಮಷಿನ್ ತುಳಿಯಲೆಂದೇ ಬರುತ್ತಿದೆ.

ಊಟದ ದಿನಕ್ಕೆಂದು ನೀವು ಹೊಲಿದ ಹಸಿರು ರವಿಕೆಯನ್ನು ಇಲ್ಲಿ ಬಿಸಿಲು ಬಂದಾಗ ಹೊರಗೆ ಹಿಡಿದು ನೋಡಿದೆ. ಪೂರಾ ನೀಲಿ ನೂಲು! ಒಂದು ಹೊಲಿಗೆಯೂ ಹಸಿರಿಲ್ಲ. ಒಳಗಿನ ಚೌಕಟ್ಟು ಕೂರಿಸಿದ ಮೇಲೂ ಬೆಳಕು ಬೇಕಾದಷ್ಟಿದೆ ಎಂದು ನೀವು ಹೇಳುತ್ತ ಬಂದದ್ದು ಸುಳ್ಳು. ಕೋಣೆಯಲ್ಲಿ ಹಸಿರು ನೀಲಿ ಒಂದೇ ಕಾಣುತ್ತದೆ ಎಂದಾಯಿತು.

ನಾನೊಂದು ಹೇಳುತ್ತೇನೆ ಕೇಳಿ. ಈಗ ನಾನು ಆ ಮನೆಯಲ್ಲಿಲ್ಲ. ಬಸುರಿ ತವರಿಗೆ ಬಂದ ಮೇಲೆ ಗಂಡನ ಮನೆಯ ಗೋಡೆ ಒಡೆದರೆ ದೋಷ ಇಲ್ಲ ಎಂದು ಅಬ್ಬೆ ಹೇಳುತ್ತಾಳೆ. ನಮ್ಮ ಸೂರು ಉದ್ದವಿದೆ, ತೆಂಗಿನ ಮಡಲಿನ ತಟ್ಟಿ ಕಟ್ಟಿದರೆ ಮಳೆಯ ಇರಚಲು ಒಳಗೆ ಬಾರದು. ಚೌತಿಯ ಹೊಲಿಗೆ ಕೈತುಂಬ ಬರುವ ಹೊತ್ತು. ದುರ್ಗಣ್ಣನನ್ನು ಕರೆಸಿ ಒಡೆಸಿಬಿಡಿ. ನನ್ನ ಮನಸ್ಸಿನಲ್ಲಿ ಏನೂ ಇಲ್ಲ.

ಮಾದೇವಿ


ಹಳದೀಪುರ
೨೨ ಜುಲೈ ೧೯೬೧

ಮಾದೇವಿ,

ನಿನ್ನ ಮನಸ್ಸಿನಲ್ಲಿ ಏನೂ ಇಲ್ಲ, ಸರಿ. ನನ್ನ ಮನಸ್ಸಿನಲ್ಲಿ ಇದೆ. ಒಡೆಯುವುದಿಲ್ಲ.

ಸಿಕ್ಕಿಬಿದ್ದೆ, ಒಪ್ಪಿದೆ. ಮೋಡ ಕವಿದರೆ ಕೋಣೆಯಲ್ಲಿ ನನ್ನ ಬೆರಳು ನನಗೇ ಕಾಣುವುದಿಲ್ಲ. ಹಗಲೇ ಲಾಟೀನು ಹಚ್ಚಿ ಹೊಲಿಯುತ್ತೇನೆ. ಮಳೆ ನಿಂತ ಕೂಡಲೇ ಮಷಿನನ್ನು ಎಳೆದು ಜಗಲಿಗೆ ತರುತ್ತೇನೆ, ಮಳೆ ಬಂದ ಕೂಡಲೇ ಒಳಗೆ ಎಳೆಯುತ್ತೇನೆ. ಇಡೀ ದಿನ ಇದೇ ಯಕ್ಷಗಾನ! ಒಬ್ಬರ ಕಪ್ಪು ಕೋಟಿಗೆ ಕಂದು ಗುಂಡಿ ಹಚ್ಚಿ ಕಳಿಸಿದೆ, ಅವರು ಇನ್ನು ಕುಮಟೆಯಲ್ಲೇ ಹೊಲಿಸುತ್ತಾರಂತೆ. ಹೋಗಲಿ.

ಆ ದೊಡ್ಡ ಸಾಗವಾನಿ ಚೌಕಟ್ಟು ಜಗಲಿಯಲ್ಲೇ ಇದೆ. ಅಳತೆಗೆ ಬಂದವರು ಅದರ ಮೇಲೇ ಕೂರುತ್ತಾರೆ. ದುರ್ಗ ಮೊನ್ನೆ ಬಂದು, "ಅವ್ಳು ಇಲ್ಲಿಲ್ಲ ಅಲ್ದನಾ, ಈಗೆಂತ ಹೆದ್ರಿಕೆ?" ಎಂದ. ಹನುಮಕ್ಕತ್ತೆಯೂ ಹೂಂ ಎಂದರು. ಇಬ್ಬರಿಗೂ ಹೇಳಿದೆ, ಅವಳು ಎಲ್ಲಿದ್ದರೂ ಮನೆ ಅವಳದೇ. ಅಲ್ಲಿ ಅವಳು ಮಲಗಿರುವಾಗ, ಕೂಸು ಹುಟ್ಟುವವರೆಗೆ, ಇಲ್ಲಿ ನಾನು ಹಾರೆ ಎತ್ತಲಾರೆ. ಹನುಮಕ್ಕತ್ತೆ ಅದನ್ನು ಆಗಲೇ ಊರಿಗೆಲ್ಲ ಸಾರಿದ್ದಾರೆ. ನನಗೆ ನಂಬಿಕೆ ಬಂತು ಎಂದುಕೊಳ್ಳಬೇಡ. ಆ ಏಟುಗಳೆಲ್ಲ ನೆನಪಿವೆ ಎಂದು ನೀನು ಬರೆದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಆಗುವುದಿಲ್ಲ, ಅಷ್ಟೇ.

ನೀನು ಕೂಸನ್ನು ನೋಡಿಕೋ, ನಾನು ಬೆಳಕನ್ನು ನೋಡಿಕೊಳ್ಳುತ್ತೇನೆ. ರವಿಕೆ ಇಟ್ಟಿರು, ಬಂದ ಮೇಲೆ ಬಿಚ್ಚಿ ಹೊಲಿದು ಕೊಡುತ್ತೇನೆ.

ವೆಂಕಟ್ರಮಣ


ಹಳದೀಪುರ
೬ ಸೆಪ್ಟೆಂಬರ್ ೧೯೬೧

ಮಾದೇವಿ,

ಅಕ್ಷರ ನೆಟ್ಟಗಿಲ್ಲ, ಕ್ಷಮಿಸು. ನಾಳೆಯ ಮೊದಲ ಬಸ್ಸಿಗೆ ನಾನೇ ಹೊರಡುತ್ತೇನೆ. ಈ ಕಾಗದ ನನಗಿಂತ ಹಿಂದೆ ಬಂದರೂ ಬರಲಿ, ಬರೆಯದೆ ಇರಲಾರೆ.

ಈ ವಾರ ಪೂರ್ತಿ ಹೆದ್ದಾರಿಗೆ ಹೋಗಿ ಕುಮಟೆಯ ಬಸ್ಸು ಕಾಯುತ್ತಿದ್ದೆ. ಇವತ್ತು ಮಧ್ಯಾಹ್ನ ಬಸ್ಸು ನಿಲ್ಲುವ ಮೊದಲೇ ಹೊನ್ನ ಬಾಗಿಲಲ್ಲಿ ನೇತಾಡುತ್ತ, "ಭಾವಾ, ಕೂಸು! ಇಬ್ರೂ ಚೆನಾಗವ್ರೆ!" ಎಂದು ಕೂಗಿದ. ಹೆಣ್ಣೋ ಗಂಡೋ ಎಂದು ಕೇಳಬೇಕೆಂದೂ ನನಗೆ ಹೊಳೆಯಲಿಲ್ಲ. ಇಬ್ಬರೂ ಚೆನ್ನಾಗಿದ್ದಾರೆ ಎಂಬುದನ್ನೇ ಅವನ ಬಾಯಿಂದ ಮತ್ತೆ ಮತ್ತೆ ಹೇಳಿಸಿದೆ. ಕೊನೆಗೆ ಅವನೇ ನನ್ನ ಭುಜ ಹಿಡಿದು ಅಲುಗಾಡಿಸಿ ಹೇಳಿದ, ಹೆಣ್ಣು ಎಂದು. ನಮಗೆ ಹೆಣ್ಣು ಕೂಸು ಮಾದೇವಿ! ಕೂದಲು ತುಂಬಾ ಇದೆಯಂತೆ. ಕಿರುಚಿದರೆ ಹೊಳೆಯಾಚೆ ತದಡಿಗೂ ಕೇಳಿಸುತ್ತದಂತೆ.

ಗದ್ದೆಯ ಅಂಚಿನಲ್ಲಿ ಓಡಿ ಮನೆಗೆ ಬಂದೆ. ದಾರಿಯಲ್ಲಿ ಒಬ್ಬರನ್ನೂ ಮಾತಾಡಿಸಲಿಲ್ಲ, ಮಾತು ಹೊರಟರೆ ಅಳು ಬರುತ್ತಿತ್ತು. ಕೊಟ್ಟಿಗೆಯ ಮೂಲೆಯಿಂದ ಹಾರೆ ತೆಗೆದೆ. ಈಗ ಹೆರಿಗೆಯ ಅಮೆ, ಸೂತಕದಲ್ಲಿ ಕೆಲಸ ಶುರು ಮಾಡುವ ಹಾಗಿಲ್ಲ, ಗೊತ್ತು. ಮಳೆಯೂ ಬಿಟ್ಟಿಲ್ಲ. ಹೊಸ ಚೌಕಟ್ಟು ಕೂರಿಸುವುದು ದಸರೆ ಕಳೆದ ಮೇಲೆಯೇ. ಆದರೂ ತಡೆಯಲಾಗಲಿಲ್ಲ. ಹಳೆಯ ಚೌಕಟ್ಟಿನ ಪಕ್ಕಕ್ಕೆ ಒಂದೇ ಒಂದು ಏಟು ಹಾಕಿದೆ. ಢಂ ಎಂದಿತು ನೋಡು! ಗಾರೆ ಉದುರಿ ನನ್ನ ತಲೆಯೆಲ್ಲ ಬಿಳಿಯಾಯಿತು.

ಬೇಲಿಯಾಚೆ ಹನುಮಕ್ಕತ್ತೆಯ ಒನಕೆ ನಿಂತಿತು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನೆಟ್ಟಗಾದರು. ಗುಮ್ಮಟೆ ಬಾರಿಸಿದರೂ ಇಷ್ಟು ಬೇಗ ಜನ ಸೇರುತ್ತಿರಲಿಲ್ಲ. ಸೀರೆ ಮೊಳಕಾಲಿಗೆ ಎತ್ತಿಕೊಂಡು, ಕೆಸರುಗಾಲಿನಲ್ಲಿ, ಮಳೆಯಲ್ಲಿ ನೆನೆಯುತ್ತ ಓಡಿ ಬಂದರು. ನಾನು ಯಾರ ಮನೆಗೂ ಹೋಗಿ ಹೇಳಬೇಕಾಗಲಿಲ್ಲ. ಹಾರೆ ಹಿಡಿದು ಬಾಗಿಲಿಗೆ ಬಂದರೆ ಅಂಗಳ ತುಂಬ ಜನ, ಎಲ್ಲರ ಬಾಯಲ್ಲೂ ಒಂದೇ ಮಾತು, "ಹೆಣ್ಣಾ? ಗಂಡಾ?"

ವೆಂಕಟ್ರಮಣ